ಹೊಸದು ಬರಲಿ, ಲೆಕ್ಕ ಒಪ್ಪಿಸಿ ಬರಲಿ

(ಮಂಡಿಕಲ್ಲಿನಲ್ಲಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೆಲಸದ ಪಾಳಿ ಮುಗಿಸಿಕೊಂಡು, ಅಂಗಡಿಯ ಬಾಗಿಲು ಎಳೆದುಕೊಂಡು, ಊಟಕ್ಕೂ ಮೊದಲು ಇಲ್ಲಿ ಬಂದು ಕುಳಿತಿದ್ದೀರಿ. ನಿಮ್ಮ ಹೊತ್ತನ್ನು ನಾವು ಪೋಲು ಮಾಡಬಾರದು. ಇಂದಿನ ಮಾತಿನ ವಿಷಯ ‘ವಿಜ್ಞಾನದ ಪುರಾವೆ ಮತ್ತು ಬಡ ದೇಶದ ನೀತಿ’ ಎಂದು ತಿಳಿಸಿದಾಗ ಈ ಹೋಬಳಿಯ ಹಿರಿಯರೊಬ್ಬರು ನಕ್ಕರು. “ಏನಪ್ಪಾ, ವಿಜ್ಞಾನ ಬೆಂಗಳೂರಿನವರಿಗೆ. ನಮಗೆ ಬೇಕಾದ್ದು ನೀರು. ಅದರ ಮಾತು ಆಡಿ” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇದೆ. ನಾವು ಆಡಲು ಬಂದಿರುವುದೂ ನೀರಿನ ಮಾತೇ, ಗೂಡಿನ ಮಾತೇ, ಸಾಲದ ಮಾತೇ. ವಿಜ್ಞಾನವೆಂಬುದು ಈ ಮೂರರೊಳಗೆ ಎಲ್ಲಿ ಬರುತ್ತದೆ, ಎಲ್ಲಿ ಬರಬೇಕಾಗಿದ್ದರೂ ಬಾರದೆ ಹೋಗುತ್ತದೆ ಎಂಬುದನ್ನಷ್ಟೆ ಈ ಸಂಜೆ ವಿಚಾರ ಮಾಡೋಣ.

ಕೆಲವು ವರ್ಷಕ್ಕೊಮ್ಮೆ ನಮ್ಮ ಹಳ್ಳಿಗಳಿಗೆ ಹೊಸದೊಂದು ಬರುತ್ತದೆ. ಒಮ್ಮೆ ಕೊಳವೆ ಬಾವಿ ಬಂತು. ಒಮ್ಮೆ ಹೊಸ ತಳಿಯ ಹುಳು ಬಂತು. ಆಮೇಲೆ ನೂಲು ಬಿಚ್ಚುವ ಹೊಸ ಯಂತ್ರ, ಆಮೇಲೆ ಶುದ್ಧ ನೀರಿನ ಘಟಕ, ಈಗ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆರೆಗೆ ತುಂಬುವ ಯೋಜನೆ. ಪ್ರತಿಯೊಂದೂ ಹಾರ ತುರಾಯಿಯೊಂದಿಗೆ ಬರುತ್ತದೆ. ಮಂತ್ರಿಗಳು ಟೇಪು ಕತ್ತರಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಆದರೆ ಆ ದಿನ ಯಾರೂ ಮೂರು ಪ್ರಶ್ನೆಗಳನ್ನು ಕೇಳುವುದಿಲ್ಲ. ಇದನ್ನು ಎಲ್ಲಿ ಪರೀಕ್ಷಿಸಿದಿರಿ? ಯಾರ ಹೊಲದಲ್ಲಿ, ಯಾರ ಮನೆಯಲ್ಲಿ ಪರೀಕ್ಷಿಸಿದಿರಿ? ಕೈಕೊಟ್ಟರೆ ನಷ್ಟ ಯಾರ ತಲೆಯ ಮೇಲೆ?

ಹಣವಂತ ದೇಶದಲ್ಲಿ ಒಂದು ಪ್ರಯೋಗ ಕೆಟ್ಟರೆ ಒಂದು ಕಂಪನಿಯ ಲಾಭ ಕಡಿಮೆಯಾಗುತ್ತದೆ. ನಮ್ಮಂಥ ದೇಶದಲ್ಲಿ ಅದು ಕೆಟ್ಟರೆ ಒಂದು ಮನೆಯ ಒಡವೆ ಗಿರವಿಗೆ ಹೋಗುತ್ತದೆ. ಆದ್ದರಿಂದ ಪುರಾವೆ ಕೇಳುವುದು ಪಂಡಿತರ ಚಟವಲ್ಲ, ಬಡವನ ರಕ್ಷಣೆ.

ಗಂಟುರೋಗದ ಪಾಠ

ನಮ್ಮ ಕಸುಬಿನಿಂದಲೇ ಪ್ರಾರಂಭಿಸೋಣ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗದವರು ಇಲ್ಲಿ ಯಾರೂ ಇಲ್ಲ. ಹುಳು ಸಾಕುವವರಿಗೆ ಗಂಟುರೋಗ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಾಕಿಯಲ್ಲಿ ಚೆನ್ನಾಗಿಯೇ ಕಂಡ ಹುಳು ಜ್ವರ ದಾಟುವುದರೊಳಗೆ ಒಂದು ದೊಡ್ಡದು ಒಂದು ಚಿಕ್ಕದಾಗಿ, ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ ಬಿದ್ದು, ಇಡೀ ಬೆಳೆ ತಿಪ್ಪೆಗೆ ಹೋಗುತ್ತದೆ.

ಇದೇ ರೋಗ ಸುಮಾರು ೧೬೦ ವರ್ಷಗಳ ಹಿಂದೆ ಫ್ರಾನ್ಸ್ ದೇಶದ ದಕ್ಷಿಣ ಭಾಗದ ರೇಷ್ಮೆ ಕಸುಬನ್ನು ನೆಲ ಕಚ್ಚಿಸಿತ್ತು. ೧೮೬೫ರಲ್ಲಿ ಅಲ್ಲಿನ ಸರ್ಕಾರ ಲೂಯಿ ಪಾಶ್ಚರ್ ಎಂಬ ವಿಜ್ಞಾನಿಯನ್ನು ಅಲೆ ಎಂಬ ಊರಿಗೆ ಕಳಿಸಿತು. ಆತ ಅದುವರೆಗೆ ರೇಷ್ಮೆ ಹುಳುವನ್ನೇ ಕಂಡವನಲ್ಲ. ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಆಶ್ಚರ್ಯಪಟ್ಟನಂತೆ. ನಮ್ಮ ಮನೆಯ ಮಗು ಕೂಡ ನಗುವ ಸಂಗತಿ. ಆದರೆ ಆತ ತನಗೆ ತಿಳಿಯದೆಂಬುದನ್ನು ಒಪ್ಪಿಕೊಂಡು, ಸಾಕುವವರ ಮನೆ ಮನೆಗೆ ಹೋಗಿ ಕೇಳಿ, ಐದು ವರ್ಷ ಅಲ್ಲಿಯೇ ಕೆಲಸ ಮಾಡಿದ. ಮೊದಮೊದಲು ತಪ್ಪು ತೀರ್ಮಾನಕ್ಕೂ ಬಂದ, ಅದನ್ನು ತಿದ್ದಿಕೊಂಡ. ಕೊನೆಗೆ ಕಂಡುಕೊಂಡದ್ದೇನು? ರೋಗದ ಬೀಜ ತಾಯಿ ಪತಂಗದಿಂದ ಮೊಟ್ಟೆಗೆ ಇಳಿಯುತ್ತದೆ. ಪತಂಗ ಮೊಟ್ಟೆ ಇಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ರೋಗದ ಕಣ ಕಂಡರೆ ಆ ಮೊಟ್ಟೆಯನ್ನು ಸುಟ್ಟುಬಿಡಬೇಕು. ಕಾಣದಿದ್ದರೆ ಸಾಕಲು ಕೊಡಬಹುದು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪಾಶ್ಚರ್ ಹೊಸ ಔಷಧಿಯನ್ನೇನೂ ಕೊಡಲಿಲ್ಲ. ಗಂಟುರೋಗ ಹಿಡಿದ ಹುಳುವಿಗೆ ಇಂದಿಗೂ ಮದ್ದಿಲ್ಲ. ಆತ ಕೊಟ್ಟದ್ದು ಒಂದು ಪರೀಕ್ಷೆಯ ಕ್ರಮ. ಅದು ಪುಸ್ತಕದಲ್ಲೇ ಉಳಿದಿದ್ದರೆ ನಮಗೆ ಮೂರು ಕಾಸಿನ ಪ್ರಯೋಜನವಿರಲಿಲ್ಲ. ಅದು ಬಿತ್ತನೆ ಕೋಠಿಯ ನಿಯಮವಾಯಿತು. ನಮ್ಮ ರಾಜ್ಯದಲ್ಲಿ ೧೯೫೯ರ ಕಾಯಿದೆ ರೇಷ್ಮೆ ಹುಳುವಿನ ಮೊಟ್ಟೆ, ಗೂಡು, ನೂಲು ಮೂರನ್ನೂ ಹತೋಟಿಗೆ ತಂದಿತು. ಪರವಾನಗಿ ಇಲ್ಲದವನು ಮೊಟ್ಟೆ ಮಾರಕೂಡದು, ಗೂಡಿನ ವ್ಯಾಪಾರ ಮಾರುಕಟ್ಟೆಯೊಳಗೆ ಎಲ್ಲರ ಕಣ್ಣೆದುರು ನಡೆಯಬೇಕು ಎಂದಾಯಿತು. ಪುರಾವೆ ನೀತಿಯಾಗುವುದೆಂದರೆ ಇದೇ. ವಿಜ್ಞಾನಿ ಕಂಡದ್ದು, ಸರ್ಕಾರ ಕಾಯಿದೆ ಮಾಡಿದ್ದು, ಬಡ ರೈತನಿಗೆ ಎಟುಕುವ ಬೆಲೆಯಲ್ಲಿ ಮೊಟ್ಟೆ ದೊರೆತದ್ದು, ಈ ಮೂರೂ ಕೂಡಿದಾಗ ಮಾತ್ರ ನಮ್ಮ ಮನೆಯ ಚಂದ್ರಿಕೆಯಲ್ಲಿ ಗೂಡು ಕಟ್ಟಿತು. ಮೂರರಲ್ಲಿ ಒಂದು ತಪ್ಪಿದರೂ ಕಟ್ಟುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಹಿರಿಯರ ಕಣ್ಣೆದುರೇ ನಡೆದದ್ದು. ೧೯೮೦ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಪಶ್ಚಿಮ ಬಂಗಾಳದ ಕಡೆಯಿಂದ ಬಂದ ಗೂಡಿನ ಜೊತೆಯಲ್ಲಿ ಅದು ಬಂತು. ಗೂಡು ಸಾಗಿಸಿದವರು ಅದರೊಳಗೆ ಏನಿದೆ ಎಂದು ಪರೀಕ್ಷಿಸಲಿಲ್ಲ. ಅಷ್ಟೇ ತಪ್ಪು. ಕೆಲವೇ ವರ್ಷಗಳಲ್ಲಿ ನೊಣ ರೇಷ್ಮೆ ಸೀಮೆಯನ್ನೆಲ್ಲ ವ್ಯಾಪಿಸಿತು. ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕು ಹುಳುವನ್ನು ತಿನ್ನುತ್ತದೆ, ತಪ್ಪಿ ಗೂಡು ಕಟ್ಟಿದರೂ ತೂತು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ವಿಜ್ಞಾನಿಗಳು ಇದಕ್ಕೆ ಎರಡು ದಾರಿ ಹುಡುಕಿದರು. ಒಂದು, ಹುಳು ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ. ಎರಡು, ಊಜಿಯ ಕೋಶದೊಳಗೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೆಸೊಲಿಂಕ್ಸ್ ಎಂಬ ಸಣ್ಣ ಕೀಟ. ಸೊಳ್ಳೆಗಿಂತ ಚಿಕ್ಕದಾದ ಆ ಕೀಟ ನಮ್ಮ ಬೆಳೆಯನ್ನು ಕಾಯುತ್ತದೆ. ಅಗ್ಗದ ದಾರಿ, ವಿಷವಿಲ್ಲದ ದಾರಿ, ಬಡವನಿಗೆ ಒಗ್ಗುವ ದಾರಿ.

ಹೊಸ ತಳಿ, ಹೊಸ ಯಂತ್ರ, ಹಳೆಯ ಸಾಲ

ಇನ್ನು ದ್ವಿತಳಿ ಹುಳುವಿನ ಕಥೆ. ಚಳಿ ದೇಶದ ಬಿಳಿ ಗೂಡಿನ ತಳಿಗಳನ್ನು ಇಲ್ಲಿಗೆ ತಂದು ಸಾಕಲು ಹೋದವರು ಎಷ್ಟೋ ಸಲ ಕೈಸುಟ್ಟುಕೊಂಡರು. ಜಪಾನಿನಲ್ಲಿ ಗೆದ್ದದ್ದು ನಮ್ಮ ಬಿಸಿಲಿನಲ್ಲಿ ಸೋತಿತು. ಆಮೇಲೆ ೧೯೯೧ರಿಂದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿನ ತಜ್ಞರೂ ನಮ್ಮವರೂ ಕೂಡಿ ಇಲ್ಲಿಯ ಹವೆಗೆಂದೇ ಹೊಸ ತಳಿಗಳನ್ನು ಕಟ್ಟಿದರು. ಸಿ.ಎಸ್.ಆರ್. ಎಂಬ ಹೆಸರಿನ ತಳಿಗಳು ಬಂದದ್ದು ಹಾಗೆ. ಪ್ರಯೋಗಶಾಲೆಯಲ್ಲಿ ತಳಿ ಸಿದ್ಧವಾದ ಕೂಡಲೇ ಎಲ್ಲರ ಮೇಲೆ ಹೇರದೆ, ಮೊದಲು ಆಯ್ದ ರೈತರ ಮನೆಯಲ್ಲಿ ಸಾಕಿಸಿ ನೋಡಿ, ಆಮೇಲೆ ಹಂತಹಂತವಾಗಿ ಹರಡಿದರು. ಇಷ್ಟು ಒಳ್ಳೆಯ ಕೆಲಸ.

ಆದರೆ ಆ ಪರೀಕ್ಷೆಯಲ್ಲಿ ಕಾಣದೇ ಉಳಿದದ್ದೇನು? ದ್ವಿತಳಿಗೆ ಬೇರೆಯೇ ಹುಳು ಮನೆ ಬೇಕು, ಸೋಂಕು ತೊಳೆಯುವ ಶಿಸ್ತು ಬೇಕು, ರಸವತ್ತಾದ ಸೊಪ್ಪು ಬೇಕು, ಸೊಪ್ಪಿಗೆ ನೀರು ಬೇಕು. ಅಡುಗೆ ಮಾಡಿ ಮಲಗುವ ಪಡಸಾಲೆಯಲ್ಲೇ ತಟ್ಟೆ ಜೋಡಿಸಿಕೊಂಡು ಹುಳು ಸಾಕುವವನು ಇವೆಲ್ಲ ಎಲ್ಲಿಂದ ತಂದಾನು? ತಳಿ ಗೆದ್ದಿತು ಎಂದು ವರದಿ ಬರೆಯುವಾಗ, ಯಾರ ಮನೆಯಲ್ಲಿ ಗೆದ್ದಿತು ಎಂದೂ ಬರೆಯಬೇಕಾಗಿತ್ತು. ಸರಾಸರಿಯ ಅಂಕಿ ಬಡವನನ್ನು ಮರೆಮಾಡುತ್ತದೆ. ನೂರು ರೂಪಾಯಿ ಇದ್ದವನೊಬ್ಬ, ಏನೂ ಇಲ್ಲದವನೊಬ್ಬ. ಇಬ್ಬರಿಗೂ ಸರಾಸರಿ ಐವತ್ತು ಎಂದರೆ ಎರಡನೆಯವನ ಹೊಟ್ಟೆ ತುಂಬೀತೆ?

ನೂಲು ಬಿಚ್ಚಾಣಿಕೆಯಲ್ಲಿಯೂ ಇದೇ ಕಥೆ. ಚರಕ ಹೋಗಿ ಕಾಟೇಜ್ ಬೇಸಿನ್ ಬಂತು, ಆಮೇಲೆ ಮಲ್ಟಿ ಎಂಡ್ ಬಂತು, ಈಗ ಆಟೋಮ್ಯಾಟಿಕ್ ಯಂತ್ರ ಬಂದಿದೆ. ಯಂತ್ರವನ್ನು ನಾವು ದ್ವೇಷಿಸುವುದಿಲ್ಲ. ಕುದಿಯುವ ನೀರಿನಲ್ಲಿ ಬೆರಳಿಟ್ಟು, ಹುಳದ ವಾಸನೆಯಲ್ಲಿ ಉಸಿರು ಕಟ್ಟಿಕೊಂಡು ದಿನವಿಡೀ ಕೆಲಸ ಮಾಡುವ ಅಕ್ಕ ತಂಗಿಯರ ಕೈ ನೋಡಿದವರು ಯಂತ್ರ ಬೇಡ ಎನ್ನಲಾರರು. ಆದರೆ ಆ ಯಂತ್ರಕ್ಕೆ ದಿನಕ್ಕೆ ನೂರಾರು ಕಿಲೋ ಒಂದೇ ಸಮನಾದ ಗೂಡು ಬೇಕು. ಎರಡು ಬೇಸಿನ್ ಇಟ್ಟುಕೊಂಡು, ಬಡ್ಡಿಗೆ ಹಣ ತಂದು ಗೂಡು ಕೊಳ್ಳುವವನಿಗೆ ಅದು ಎಟುಕುವುದಿಲ್ಲ. ಯಂತ್ರಕ್ಕೆ ಸಹಾಯಧನ ಕೊಡುವಾಗ ಸರ್ಕಾರ ಎಣಿಸಬೇಕಾದದ್ದು ಎಷ್ಟು ಯಂತ್ರ ಬಂತು ಎಂಬುದೊಂದನ್ನೇ ಅಲ್ಲ. ಎಷ್ಟು ಮನೆಯ ಒಲೆ ಆರಿತು, ಎಷ್ಟು ಕೈಗೆ ಕೂಲಿ ಹೆಚ್ಚಿತು, ಇವನ್ನೂ ಎಣಿಸಬೇಕು. ಅದೂ ಪುರಾವೆಯೇ.

ಎಣಿಸದೆ ನೀತಿ ಮಾಡಿದರೆ ಏನಾಗುತ್ತದೆ? ೨೦೧೧ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ ೩೦ರಿಂದ ಶೇಕಡ ೫ಕ್ಕೆ ಇಳಿಸಿದರು. ನೇಕಾರನಿಗೆ ಅಗ್ಗದ ನೂಲು ಸಿಗಲೆಂಬುದು ಕಾರಣ. ನೇಕಾರನ ಕಷ್ಟವೂ ಸುಳ್ಳಲ್ಲ. ಆದರೆ ಗೂಡಿನ ಬೆಲೆ ಕುಸಿದು ರೈತರು ಬೀದಿಗೆ ಬಂದರು. ೨೦೧೩ರಲ್ಲಿ ಸುಂಕವನ್ನು ಶೇಕಡ ೧೫ಕ್ಕೆ ಏರಿಸಬೇಕಾಯಿತು. ಈ ಎರಡು ವರ್ಷದಲ್ಲಿ ಹಿಪ್ಪುನೇರಳೆ ತೋಟ ಕಿತ್ತವನಿಗೆ ಆ ತೋಟವನ್ನು ಯಾರು ಮರಳಿ ಕೊಟ್ಟರು? ಸುಂಕವನ್ನು ಒಂದು ಸಹಿಯಿಂದ ಬದಲಿಸಬಹುದು. ತೋಟವನ್ನು ಬದಲಿಸಲಾಗುವುದಿಲ್ಲ.

ಕೊಳವೆ ಬಾವಿ ಹೇಳುವ ಸತ್ಯ

ಈಗ ಹಿರಿಯರು ಕೇಳಿದ ನೀರಿಗೆ ಬರೋಣ. ನಮ್ಮ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಪಿನಾಕಿನಿ ಹುಟ್ಟುತ್ತದೆ, ಚಿತ್ರಾವತಿ ಹುಟ್ಟುತ್ತದೆ, ಪಾಪಾಘ್ನಿ ಹುಟ್ಟುತ್ತದೆ. ಹುಟ್ಟಿದ್ದೇ ಸರಿ, ಎಲ್ಲ ಹೊರಗೆ ಹೋಗುವವೇ. ಹಿಂದಿನವರು ಅದಕ್ಕೇ ಕೆರೆ ಕಟ್ಟಿದರು. ಒಂದು ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಕೊಳವೆ ಬಾವಿ ಬಂದ ಮೇಲೆ ಕೆರೆಯನ್ನು ಮರೆತೆವು. ಕಾಲುವೆ ಮುಚ್ಚಿತು, ಹೂಳು ತುಂಬಿತು, ಅಂಗಳ ಒತ್ತುವರಿಯಾಯಿತು.

ನಮ್ಮ ನೆಲದಡಿ ಇರುವುದು ಗಟ್ಟಿ ಕಲ್ಲು. ಮೇಲಿನ ಸವೆದ ಪದರದಲ್ಲಿ ಸ್ವಲ್ಪ ನೀರು, ಅದರ ಕೆಳಗೆ ಬಂಡೆಯ ಬಿರುಕಿನಲ್ಲಿ ಮಾತ್ರ ನೀರು. ಅದು ಬ್ಯಾಂಕಿನಲ್ಲಿಟ್ಟ ಠೇವಣಿಯ ಹಾಗೆ. ಮಳೆ ಕಟ್ಟುವ ಬಡ್ಡಿಯನ್ನಷ್ಟೆ ತೆಗೆದರೆ ಉಳಿಯುತ್ತದೆ, ಅಸಲಿಗೆ ಕೈಹಾಕಿದರೆ ಮುಗಿಯುತ್ತದೆ. ಇದು ಭೂವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಆದರೂ ಒಂದು ಕಡೆಯಿಂದ ಸಾಲ, ಇನ್ನೊಂದು ಕಡೆಯಿಂದ ಪುಕ್ಕಟೆ ವಿದ್ಯುತ್ತು ಕೊಟ್ಟು ಬಾವಿ ಕೊರೆಸುತ್ತಲೇ ಹೋದರು. ಅಂತರ್ಜಲಕ್ಕೊಂದು ಸಮಗ್ರ ಕಾಯಿದೆ ರಾಜ್ಯದಲ್ಲಿ ಬಂದದ್ದು ೨೦೧೧ರಲ್ಲಿ, ಬಾವಿ ಸಾವಿರ ಅಡಿ ಮುಟ್ಟಿದ ಮೇಲೆ. ಒಬ್ಬನ ಬಾವಿಯಲ್ಲಿ ನೀರು ಚಿಮ್ಮಿದ್ದನ್ನು ನೋಡಿ ಪಕ್ಕದವನು ಕೊರೆಸಿದ, ಅವನಿಗೆ ಮಣ್ಣಿನ ಪುಡಿ ಬಂತು. ಗೆದ್ದ ಬಾವಿಯ ಸುತ್ತ ಜನ ಸೇರುತ್ತದೆ, ಸೋತ ಬಾವಿಯ ಮಾತನ್ನು ಯಾರೂ ಆಡುವುದಿಲ್ಲ. ಹಾಗಾಗಿ ನಮ್ಮ ಕಿವಿಗೆ ಗೆಲುವು ಮಾತ್ರ ಬೀಳುತ್ತದೆ. ಲೆಕ್ಕ ಎಂದರೆ ಗೆದ್ದದ್ದನ್ನೂ ಸೋತದ್ದನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದು. ಅಂಗಡಿ ಇಟ್ಟವರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ.

ಆಳಕ್ಕೆ ಹೋದಂತೆ ಇನ್ನೊಂದು ಕೇಡು ಮೇಲೆ ಬಂತು. ಬಂಡೆಯೊಡನೆ ಬಹುಕಾಲ ಕೂಡಿದ್ದ ನೀರಿನಲ್ಲಿ ಫ್ಲೋರೈಡು ಕರಗಿರುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ೧.೫ ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದು. ಹೆಚ್ಚಾದರೆ ಮಕ್ಕಳ ಹಲ್ಲು ಹಳದಿಗಟ್ಟುತ್ತದೆ, ದೊಡ್ಡವರ ಮೂಳೆ ಕೀಲು ಬಿಗಿಯುತ್ತದೆ. ನೀರು ಕಾಯಿಸಿದರೆ ಇದು ಹೋಗುವುದಿಲ್ಲ. ಈ ರೋಗವನ್ನು ನಮ್ಮ ದೇಶದಲ್ಲಿ ವೈದ್ಯರು ಮೊದಲು ವರ್ಣಿಸಿದ್ದು ೧೯೩೭ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ನಮ್ಮ ನಂದಿಯ ಕಡೆ ಹುಟ್ಟಿದ ಉತ್ತರ ಪಿನಾಕಿನಿ ಸಮುದ್ರ ಸೇರುವುದೂ ಆ ನೆಲ್ಲೂರಿನಲ್ಲೇ. ಹೊಳೆಯ ಆ ತುದಿಯಲ್ಲಿ ತಿಳಿದ ಸತ್ಯ ಹೊಳೆಯ ಈ ತುದಿಗೆ ಬರಲು ಎಷ್ಟು ದಶಕ ಹಿಡಿಯಿತು ನೋಡಿ!

ನಮ್ಮದೊಂದೇ ಊರಿನ ದುರದೃಷ್ಟವೆಂದು ತಿಳಿಯಬೇಡಿ. ಬಾಂಗ್ಲಾದೇಶದಲ್ಲಿ ೧೯೭೦ರ ದಶಕದಲ್ಲಿ ಕೆರೆ ಕುಂಟೆಯ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದಾಗ, ಅಂತರರಾಷ್ಟ್ರೀಯ ನೆರವಿನಿಂದ ಲಕ್ಷಗಟ್ಟಲೆ ಕೊಳವೆ ಬಾವಿ ಹಾಕಿಸಿದರು. ಉದ್ದೇಶ ಪುಣ್ಯದ್ದೇ. ಆದರೆ ನೀರಿನಲ್ಲಿ ಆರ್ಸೆನಿಕ್ ವಿಷ ಇದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ಇದೆಯೆಂದು ಅಲ್ಲಿ ಪತ್ತೆಯಾದದ್ದು ೧೯೯೩ರಲ್ಲಿ. ಅಷ್ಟರಲ್ಲಿ ಕೋಟಿಗಟ್ಟಲೆ ಜನ ಅದನ್ನು ಕುಡಿದಾಗಿತ್ತು.

ಅದೇ ಬಾಂಗ್ಲಾದೇಶ ಇನ್ನೊಂದು ಪಾಠವನ್ನೂ ಕಲಿಸಿತು. ವಾಂತಿಭೇದಿಗೆ ಉಪ್ಪು, ಸಿಹಿ ಬೆರೆಸಿದ ನೀರೇ ಮದ್ದು ಎಂದು ೧೯೬೮ರಲ್ಲಿ ಢಾಕಾದ ಆಸ್ಪತ್ರೆಯಲ್ಲಿ ರುಜುವಾತಾಯಿತು. ೧೯೭೧ರ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸರು ಅದನ್ನು ಸಾವಿರಾರು ಜನರಿಗೆ ಕೊಟ್ಟು ಪ್ರಾಣ ಉಳಿಸಿದರು. ಆಮೇಲೆ ‘ಬ್ರಾಕ್’ ಸಂಸ್ಥೆಯವರು ೧೯೮೦ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ, ಒಂದು ಚಿಟಿಕೆ ಉಪ್ಪು ಒಂದು ಹಿಡಿ ಬೆಲ್ಲದ ಲೆಕ್ಕವನ್ನು ತಾಯಂದಿರಿಗೆ ಕಲಿಸಿದರು. ಒಂದು ಕೋಟಿಗೂ ಮಿಕ್ಕ ಮನೆಗಳನ್ನು ಮುಟ್ಟಿದರು. ಕಲಿಸಿ ಸುಮ್ಮನಾಗಲಿಲ್ಲ. ಕೆಲವು ವಾರ ಬಿಟ್ಟು ಬೇರೊಬ್ಬರು ಹೋಗಿ, ತಾಯಿಗೆ ನೆನಪಿದೆಯೇ ಎಂದು ಕೇಳಿದರು, ಆಕೆ ಕಲಸಿದ ನೀರನ್ನು ಪರೀಕ್ಷೆಗೆ ಕಳಿಸಿದರು. ತಾಯಿ ಎಷ್ಟು ಕಲಿತಳೋ ಅದರ ಮೇಲೆ ಕಲಿಸಿದವರ ಸಂಬಳ. ಎಷ್ಟು ಮನೆಗೆ ಹೋದೆ ಎಂಬುದರ ಮೇಲಲ್ಲ! ನಮ್ಮಲ್ಲಿ ಎಷ್ಟು ಇಲಾಖೆಗಳಲ್ಲಿ ಈ ನಿಯಮ ಇದೆ? ನಾವು ಎಣಿಸುವುದು ಖರ್ಚಾದ ಹಣವನ್ನು, ಅವರು ಎಣಿಸಿದ್ದು ಉಳಿದ ತಿಳಿವಳಿಕೆಯನ್ನು.

ಇಪ್ಪತ್ತನಾಲ್ಕೋ, ಒಂಬತ್ತೂವರೆಯೋ?

ಎತ್ತಿನಹೊಳೆಯ ಹೆಸರು ಹೇಳಿದರೆ ನಮ್ಮ ಜನರ ಕಣ್ಣಿನಲ್ಲಿ ಆಸೆ ಮಿನುಗುತ್ತದೆ. ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರನ್ನೆತ್ತಿ ಬಯಲು ಸೀಮೆಗೆ ತರುವ ಯೋಜನೆ. ೨೪ ಟಿ.ಎಂ.ಸಿ. ನೀರು ಸಿಗುತ್ತದೆಂದು ಸರ್ಕಾರದ ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ೨೦೧೫ರಲ್ಲಿ ಮಾಡಿದ ಲೆಕ್ಕದಂತೆ ಅಲ್ಲಿ ದೊರೆಯುವುದು ಸುಮಾರು ೯.೫ ಟಿ.ಎಂ.ಸಿ. ಮಾತ್ರ. ಇದು ಅಂಗಡಿಯ ಲೆಕ್ಕದಲ್ಲಿ ಬಿದ್ದ ಚಿಲ್ಲರೆಯ ವ್ಯತ್ಯಾಸವಲ್ಲ. ಅರ್ಧಕ್ಕಿಂತ ಹೆಚ್ಚಿನ ನೀರು ಇದೆಯೋ ಇಲ್ಲವೋ ಎಂಬ ಪ್ರಶ್ನೆ. ಯೋಜನೆಯ ಅಂದಾಜು ವೆಚ್ಚ ಏರುತ್ತ ಏರುತ್ತ ೨೩,೨೫೧ ಕೋಟಿ ರೂಪಾಯಿಯಾಗಿದೆ. ೨೦೨೪ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು.

ಯಾರ ಲೆಕ್ಕ ಸರಿ ಎಂದು ಈ ವೇದಿಕೆಯಿಂದ ತೀರ್ಪು ಕೊಡಲು ನಾವು ಬಂದಿಲ್ಲ. ನಾವು ಹೇಳುವುದಿಷ್ಟೆ: ಹೊಳೆಯಲ್ಲಿ ನೀರು ಎಷ್ಟು ಹರಿಯುತ್ತದೆ ಎಂಬುದು ಪಕ್ಷದ ಅಭಿಪ್ರಾಯವಲ್ಲ. ಅದನ್ನು ಅಳೆಯಬಹುದು. ಹೊಳೆಗೆ ಅಳತೆಯ ಕಟ್ಟೆ ಹಾಕಿ ಹಲವು ಮಳೆಗಾಲ ಬರೆದಿಟ್ಟರೆ ತಿಳಿಯುತ್ತದೆ. ಅದಕ್ಕೆ ತಗಲುವ ಖರ್ಚು ಪೈಪಿನ ಖರ್ಚಿನ ಮುಂದೆ ಸಾಸಿವೆಯಷ್ಟು. ಲೆಕ್ಕದ ವಿವಾದ ಬಗೆಹರಿಯುವ ಮುಂಚೆ ಪೈಪು ಹೂಳಿದರು. ಅಂಗಡಿಗೆ ಸರಕು ಎಷ್ಟು ಬರುತ್ತದೆಂದು ತಿಳಿಯದೆ ಗೋಡೌನು ಕಟ್ಟಿಸುವ ವರ್ತಕ ಇಲ್ಲಿ ಯಾರಾದರೂ ಇದ್ದಾರೆಯೇ?

ಇದೇ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ನೀರು ಏರಿದಂತೆ ತಾನೇ ತೆರೆಯುವ ಬಾಗಿಲುಗಳನ್ನು ೧೯೦೩ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದರು. ನೀರು ಎಷ್ಟು ಏರುತ್ತದೆ, ಎಷ್ಟು ಒತ್ತುತ್ತದೆ ಎಂಬ ಅಳತೆಯಿಲ್ಲದೆ ಅಂಥ ಬಾಗಿಲು ಆಗುವಂಥದಲ್ಲ. ಅವರ ಪ್ರತಿಮೆಗೆ ವರ್ಷಕ್ಕೊಮ್ಮೆ ಹಾರ ಹಾಕುವ ನಾವು ಅವರ ಅಳತೆಗೋಲನ್ನು ಮರೆತರೆ ಹೇಗೆ?

ಕೆರೆಗೆ ಬಂದ ನೀರು

ಈಗ ಬೆಂಗಳೂರಿನ ನೀರಿನ ವಿಚಾರ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ ದಿನಕ್ಕೆ ೪೪ ಕೋಟಿ ಲೀಟರಿನಂತೆ ಕೋಲಾರದ ಕಡೆಯ ೧೨೬ ಕೆರೆಗಳಿಗೆ ಹರಿಸುವುದು ಒಂದು ಯೋಜನೆ. ಹೆಬ್ಬಾಳ–ನಾಗವಾರ ಕಣಿವೆಯಿಂದ ದಿನಕ್ಕೆ ೨೧ ಕೋಟಿ ಲೀಟರಿನಂತೆ ನಮ್ಮ ಕಡೆಯವೂ ಸೇರಿ ೬೫ ಕೆರೆಗಳಿಗೆ ಹರಿಸುವುದು ಇನ್ನೊಂದು. ೨೦೧೮ರಲ್ಲಿ ಕೋಲಾರದ ಕಡೆಗೆ ನೀರು ಬಂದಾಗ ಕೆರೆಯಲ್ಲಿ ನೊರೆ ಎದ್ದಿತು. ರೈತ ಹೋರಾಟಗಾರರು ಹೈಕೋರ್ಟಿಗೆ ಹೋದರು, ತಡೆಯಾಜ್ಞೆ ಬಂತು, ತೆರವಾಯಿತು, ೨೦೧೯ರಲ್ಲಿ ವಿಷಯ ಸುಪ್ರೀಂ ಕೋರ್ಟನ್ನೂ ಮುಟ್ಟಿತು. ಕೊನೆಗೆ ನೀರು ಹರಿಯಿತು.

ಊರಿನಲ್ಲಿ ಈಗ ಎರಡು ಗುಂಪು. ಒಂದು ಗುಂಪು, “ಬತ್ತಿದ ಬಾವಿಯಲ್ಲಿ ನೀರು ಬಂತು, ಇನ್ನೇನು ಬೇಕು?” ಎನ್ನುತ್ತದೆ. ಇನ್ನೊಂದು, “ಪಟ್ಟಣದ ಕೊಳಕನ್ನು ನಮ್ಮ ತಲೆಗೆ ಸುರಿದರು” ಎನ್ನುತ್ತದೆ. ಇಬ್ಬರಲ್ಲೂ ಸುಳ್ಳರಿಲ್ಲ. ಕೆರೆ ತುಂಬಿದ ಕಡೆ ಸುತ್ತಿನ ಬಾವಿಗಳಲ್ಲಿ ನೀರೇರಿದ್ದನ್ನು ರೈತರೂ ಕಂಡಿದ್ದಾರೆ, ವಿಜ್ಞಾನಿಗಳೂ ಅಳೆದಿದ್ದಾರೆ. ಆದರೆ ನೀರು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನೀರು ಎಂಥದು ಎಂಬ ಪ್ರಶ್ನೆ ಮುಗಿಯುವುದಿಲ್ಲ. ಒಂದು ಪ್ರಶ್ನೆಯ ಪುರಾವೆಯನ್ನು ಇನ್ನೊಂದು ಪ್ರಶ್ನೆಗೆ ಉತ್ತರವಾಗಿ ತೋರಿಸುವುದು ಮೋಸದ ತಕ್ಕಡಿ. ಈ ನೀರಿನಲ್ಲಿ ಭಾರಲೋಹವಿದೆಯೇ, ನೈಟ್ರೇಟು ಎಷ್ಟು, ಸೊಪ್ಪಿಗೆ ಹೋಗುತ್ತದೆಯೇ, ಸೊಪ್ಪಿನಿಂದ ಹುಳುವಿಗೆ ಹೋಗುತ್ತದೆಯೇ, ಹಸುವಿನ ಹಾಲಿಗೆ ಹೋಗುತ್ತದೆಯೇ? ಇದು ಒಂದು ದಿನದ ಪರೀಕ್ಷೆಯಿಂದ ತಿಳಿಯುವುದಲ್ಲ. ವರ್ಷ ವರ್ಷವೂ ಅದೇ ಬಾವಿಯನ್ನು, ಅದೇ ಹೊಲವನ್ನು ನೋಡುತ್ತಿರಬೇಕು.

ಕೊಳಚೆ ನೀರನ್ನು ಬಳಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಆಫ್ರಿಕದ ನಮೀಬಿಯಾ ದೇಶದ ವಿಂಡ್‌ಹುಕ್ ಪಟ್ಟಣದ ಜನ ೧೯೬೮ರಿಂದ ಶುದ್ಧಿಮಾಡಿದ ಬಳಕೆ ನೀರನ್ನು ಕುಡಿಯುವ ನೀರಿಗೆ ಸೇರಿಸಿಕೊಂಡಿದ್ದಾರೆ. ಅದೂ ನಮ್ಮಂತೆ ಬರದ ನಾಡೇ. ಆದರೆ ಅಲ್ಲಿ ಒಂದರ ಮೇಲೊಂದು ಹಲವು ಹಂತದ ಶುದ್ಧೀಕರಣವಿದೆ, ಬಿಡುವಿಲ್ಲದ ಪರೀಕ್ಷೆಯಿದೆ. ಇಸ್ರೇಲಿನಲ್ಲಿ ಟೆಲ್ ಅವೀವ್ ಪಟ್ಟಣದ ಕೊಳಚೆಯನ್ನು ಶುದ್ಧಿಮಾಡಿ, ಮರಳಿನಲ್ಲಿ ಇಂಗಿಸಿ, ನೋಟದ ಬಾವಿಗಳಲ್ಲಿ ಪರೀಕ್ಷಿಸಿ, ಆಮೇಲೆ ನೆಗೆವ್ ಬಯಲಿನ ಹೊಲಕ್ಕೆ ಕೊಡುತ್ತಾರೆ. ಅವರ ಯೋಜನೆಯನ್ನು ಮಾದರಿಯೆಂದು ತೋರಿಸುವವರು ಅವರ ಪರೀಕ್ಷೆಯನ್ನೂ ಮಾದರಿಯೆಂದು ಒಪ್ಪಬೇಕು. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ನಮ್ಮ ಜನ ಕೇಳುತ್ತಿರುವುದು ಇದಕ್ಕಾಗಿಯೇ.

“ಬಡ ದೇಶಕ್ಕೆ ಕಾಯುವಷ್ಟು ಪುರುಸೊತ್ತಿಲ್ಲ”

ಅಧಿಕಾರಿಗಳು ನಮಗೆ ಒಂದು ಉತ್ತರ ಕೊಡುತ್ತಾರೆ. “ಜನ ಬಾಯಾರಿದ್ದಾರೆ. ಪರೀಕ್ಷೆ ಎಂದು ಕೂತರೆ ಹತ್ತು ವರ್ಷ ಹೋಗುತ್ತದೆ” ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಬಾರದು. ಕಾಯುವುದಕ್ಕೂ ಬೆಲೆಯಿದೆ. ಊಜಿ ನೊಣದ ಮುಂದೆ ಕೈಕಟ್ಟಿ ಕುಳಿತಿದ್ದರೆ ಕಸುಬೇ ಉಳಿಯುತ್ತಿರಲಿಲ್ಲ. ಆದರೆ ಪರೀಕ್ಷೆ ಎಂದರೆ ಕಾಯುವುದು ಎಂದು ಯಾರು ಹೇಳಿದರು? ಅಕ್ಕಂದಿರು ಅನ್ನ ಬೆಂದಿತೇ ಎಂದು ಒಂದು ಅಗುಳು ಹಿಸುಕಿ ನೋಡುತ್ತಾರೆ, ಅದಕ್ಕಾಗಿ ಒಲೆ ಆರಿಸುವುದಿಲ್ಲ. ನೂರು ಕೆರೆಗೆ ಮುಂಚೆ ಎರಡು ಕೆರೆಯಲ್ಲಿ ಮಾಡಿ ನೋಡಿ. ಹರಿಸುತ್ತಲೇ ಅಳೆಯಿರಿ. ಅಳತೆ ಕೆಟ್ಟದ್ದನ್ನು ಹೇಳಿದರೆ ನಿಲ್ಲಿಸುವ ಧೈರ್ಯವಿರಲಿ. ಇದಕ್ಕೆ ಹತ್ತು ವರ್ಷ ಬೇಡ.

ಇನ್ನೊಂದು ಎಚ್ಚರವೂ ಬೇಕು. ವಿಜ್ಞಾನಿ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಅಧ್ಯಯನಕ್ಕೆ ಹಣ ಕೊಟ್ಟವರು ಯಾರು, ಮಾದರಿ ತೆಗೆದದ್ದು ಮಳೆಗಾಲದಲ್ಲೋ ಬೇಸಿಗೆಯಲ್ಲೋ, ಕೆರೆಯ ಯಾವ ದಡದಲ್ಲಿ, ಎಂದು ಕೇಳಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡ ಮನೆಯಲ್ಲಿ ಹುಟ್ಟಿ ಬೆಂಗಳೂರು ವಿಶ್ವವಿದ್ಯಾಲಯದ ಕು಼ಲಪತಿಗಳಾದ ಡಾ. ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಎಂಬುದು ಅವರು ಜೀವನವೆಲ್ಲ ಹೇಳಿದ ಮಾತು. ಅದು ಬಾಬಾಗಳ ಪವಾಡಕ್ಕೆ ಹೇಗೋ ಸರ್ಕಾರದ ಪವಾಡಕ್ಕೂ ಹಾಗೆಯೇ ಅನ್ವಯಿಸುತ್ತದೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪೌರನ ಕರ್ತವ್ಯವೆಂದು ಅದೇ ೧೯೭೬ರಲ್ಲಿ ಸಂವಿಧಾನಕ್ಕೂ ಸೇರಿತು. ಪೌರನಿಗೆ ಕರ್ತವ್ಯವಾದದ್ದು ಸರ್ಕಾರಕ್ಕೆ ಬೇಡವೇ?

ನಾವು ಮಾಡಬೇಕಾದದ್ದು

ಬರೀ ಮಾತಾಡಿ ಹೋಗುವುದಕ್ಕೆ ನಾವು ಬಂದಿಲ್ಲ. ನಾಳೆಯಿಂದಲೇ ಮಾಡಬಹುದಾದ ನಾಲ್ಕು ಕೆಲಸ ಇವೆ.

ಮೊದಲನೆಯದು, ಪ್ರತಿ ಕೆರೆಯ ಏರಿಯ ಮೇಲೂ, ಪ್ರತಿ ನೀರಿನ ಘಟಕದ ಗೋಡೆಯ ಮೇಲೂ ಒಂದು ಹಲಗೆ ಇರಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಬೇಕು. ನೀರನ್ನು ಯಾವತ್ತು ಪರೀಕ್ಷಿಸಿದರು, ಏನು ಸಿಕ್ಕಿತು, ಎಷ್ಟು ಇರಬಹುದಾಗಿತ್ತು ಎಂಬುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಎರಡನೆಯದು, ಹಲಗೆ ಹಾಕದಿದ್ದರೆ ೨೦೦೫ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕ, ಒಂದು ಹಾಳೆ ಅರ್ಜಿ, ಮೂವತ್ತು ದಿನದೊಳಗೆ ಉತ್ತರ. ಬರೆಯಲು ಬಾರದವರಿಗೆ ಬರೆದುಕೊಡುವುದು ನಮ್ಮ ಜವಾಬ್ದಾರಿ.

ಮೂರನೆಯದು, ೨೦೧೯ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಮ್ಮ ಊರಿನಲ್ಲಿ ಆ ಐವರು ಯಾರು? ಅವರ ಕೈಗೆ ಪೆಟ್ಟಿಗೆ ಬಂದಿದೆಯೇ? ಬಂದಿದ್ದರೆ ಅದು ಬೀರುವಿನಲ್ಲಿದೆಯೋ ಬಾವಿಯ ಬಳಿ ಇದೆಯೋ? ವಿಚಾರಿಸಿ.

ನಾಲ್ಕನೆಯದು, ನಾವೇ ಬರೆದಿಡುವುದು. ಹುಳು ಸಾಕುವವರು ಯಾವ ಮೊಟ್ಟೆ, ಯಾವ ನೀರು, ಎಷ್ಟು ಗೂಡು ಎಂದು ಬರೆಯಿರಿ. ಬಿಚ್ಚಾಣಿಕೆಯವರು ಎಷ್ಟು ಗೂಡಿಗೆ ಎಷ್ಟು ನೂಲು ಎಂದು ಬರೆಯಿರಿ. ಕೊರೆಸಿದವರು ಎಷ್ಟು ಅಡಿ, ನೀರು ಬಂತೋ ಇಲ್ಲವೋ ಬರೆಯಿರಿ. ಬಾಯಿಮಾತಿನಲ್ಲಿ ಹೇಳಿದರೆ ‘ದೂರು’ ಎನ್ನುತ್ತಾರೆ. ನೂರು ಮನೆಯವರು ಮೂರು ವರ್ಷ ಬರೆದದ್ದನ್ನು ಮೇಜಿನ ಮೇಲಿಟ್ಟರೆ ‘ಪುರಾವೆ’ ಎನ್ನಲೇಬೇಕಾಗುತ್ತದೆ.

ಸೋದರರೇ, ೧೯೫೮ರ ಮಾರ್ಚ್ ತಿಂಗಳಿನಲ್ಲಿ ನಮ್ಮ ದೇಶದ ಪಾರ್ಲಿಮೆಂಟಿನ ಮುಂದೆ ವಿಜ್ಞಾನ ನೀತಿಯ ನಿರ್ಣಯವೊಂದನ್ನು ಇಟ್ಟರು. ವಿಜ್ಞಾನದ ಫಲ ಜನರಿಗೆಲ್ಲ ಸಿಗಬೇಕೆಂಬ ಆಶಯ ಅದರಲ್ಲಿತ್ತು. ಅಷ್ಟು ವರ್ಷಗಳಾದ ಮೇಲೆ ಆ ಆಶಯಕ್ಕೆ ನಾವು ಒಂದು ಮಾತು ಸೇರಿಸಬಯಸುತ್ತೇವೆ: ಫಲ ಮಾತ್ರವಲ್ಲ, ವಿಜ್ಞಾನದ ಲೆಕ್ಕವೂ ಜನರಿಗೆ ಸಿಗಬೇಕು. ಲೆಕ್ಕ ಜನರ ಕೈಗೆ ಬಾರದೆ ಫಲ ಬಾರದು.

ಪ್ರಾರಂಭದಲ್ಲಿ ನಕ್ಕ ಹಿರಿಯರು ಮೊದಲ ಸಾಲಿನಲ್ಲೇ ಕುಳಿತಿದ್ದಾರೆ. ಅವರ ಮೊಮ್ಮಗಳು ಪಕ್ಕದಲ್ಲಿದ್ದಾಳೆ, ಹಲ್ಲು ಇನ್ನೂ ಹೊಸದು. ಅವಳು ದೊಡ್ಡವಳಾಗುವ ಹೊತ್ತಿಗೆ ಆ ಹಲ್ಲು ಬೆಳ್ಳಗಿರುತ್ತದೆಯೋ ಹಳದಿಯಾಗುತ್ತದೆಯೋ ಎಂಬುದು ಹಣೆಬರಹವಲ್ಲ. ಅದು ಅವಳ ಊರಿನ ನೀರನ್ನು ಯಾರಾದರೂ ಅಳೆದು, ಅಳೆದದ್ದನ್ನು ಹಲಗೆಯ ಮೇಲೆ ಬರೆದು, ಬರೆದದ್ದನ್ನು ಓದಿ ಊರಿನವರು ಎದ್ದು ನಿಂತು ಕೇಳಿದರೇ ಎಂಬುದರ ಮೇಲೆ ನಿಂತಿದೆ. ತಾತನವರೇ, ನೀವು ನೀರಿನ ಮಾತು ಆಡಿ ಎಂದಿರಿ. ಆಡಿದ್ದೇವೆ. ಇನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳುವ ಸರದಿ ನಿಮ್ಮದು, ನಮ್ಮದು, ಎಲ್ಲರದು.